ಮಾನಪತ್ರದಲ್ಲಿ ಹವಾಲ್ದಾರರಿಗೆ ಜಾಗ

ಕಾಲೇಜಿನಲ್ಲಿ ಫುಟ್‌ಬಾಲ್ ವೀರರಾಗಿದ್ದು, ಮುಂದೆ ಸೈನ್ಯದಲ್ಲಿ ಶೌರ್ಯಪದಕ ಪಡೆದ ಕರ್ನಲ್ಲರೊಬ್ಬರಿಗೆ ಬನಶಂಕರಿಯ ನಮ್ಮ ಬಡಾವಣೆಯ ಸಂಘದವರು ಸನ್ಮಾನವನ್ನು ಏರ್ಪಡಿಸಿ, ಮಾನಪತ್ರದ ರಚನೆಯನ್ನು ನನಗೆ ವಹಿಸಿದರು. ನಾನು ‘ರಣರಂಗಧೀರ’ ಮೊದಲಾದ ಹದಿನಾಲ್ಕು ಬಿರುದುಗಳನ್ನು ಧಾರಾಳವಾಗಿ ಸುರಿದೆ.

ಕರಡನ್ನು ಓದಿದ ಕರ್ನಲ್ಲರು, “ಪದಕ ನನಗೆ ಬಂತು ಸಾರ್, ಆದ್ರೆ ಆ ಗೋಲಿಗೆ ಪಾಸ್ ಕೊಟ್ಟೋರು ನಮ್ಮ ಹವಾಲ್ದಾರರು. ಅವರು ಯುದ್ಧದಿಂದ ವಾಪಸ್ ಬರ್ಲಿಲ್ಲ. ಅವರ ಹೆಸರು ಹಾಕ್ತೀರಾ?” ಎಂದರು.

“ಫ್ರೇಮಲ್ಲಿ ಜಾಗ ಇಲ್ಲ ಸಾರ್, ಹನ್ನೊಂದು ಜನ ಪದಾಧಿಕಾರಿಗಳ ಹೆಸರು ಬರ್ಬೇಕು,” ಎಂದರು ಸಂಘದ ಅಧ್ಯಕ್ಷರು.

ಒಂದು ಬೀದಿದೀಪವನ್ನೂ ಉರಿಸಲಾರದ ಆ ಮಹನೀಯರ ಹೆಸರುಗಳನ್ನು ಅಳಿಸುವ ಶೌರ್ಯ ನನಗಿರಲಿಲ್ಲ. ನನ್ನ ಬಿರುದುಗಳನ್ನೇ ಹೊಡೆದುಹಾಕಿ ಹವಾಲ್ದಾರರ ಹೆಸರನ್ನು ಬರೆದೆ.

ಸಮಾರಂಭದ ವೇದಿಕೆಯಲ್ಲಿ ಕರ್ನಲ್ಲರು ಆ ಸಾಲನ್ನು ಎರಡು ಬಾರಿ ಓದಿಕೊಂಡರು. ನನ್ನ ಗದ್ಯವನ್ನು ಯಾರಾದರೂ ಎರಡನೆಯ ಸಲ ಓದಿದ್ದು ಅದೇ ಮೊದಲು.