ನೀರು ನೋಡೋಕೆ ಹೋದದ್ದು

ನಮ್ಮ ಕಡೆ 'ನೀರು ನೋಡೋದು' ಅಂದರೆ ಕಣ್ಣೆದುರಿನ ನೀರನ್ನು ನೋಡುವುದಲ್ಲ. ಬೋರ್‌ವೆಲ್ ಕೊರೆಸುವ ಮುಂಚೆ ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲದ ಉದ್ದಗಲ ನಡೆಯುವುದು. ಕಾಯಿ ಎಲ್ಲಿ ಜುಟ್ಟು ಮೇಲೆ ಮಾಡಿ ಎದ್ದು ನಿಲ್ಲುತ್ತದೋ ಅಲ್ಲೊಂದು ಕಲ್ಲು ನೆಟ್ಟು, ಗಂಗಮ್ಮನ ಹೆಸರು ಹೇಳಿ ಅದೇ ಕಾಯಿ ಒಡೆಯುವುದು. ಕುಂದಾಣದ ಸುತ್ತಮುತ್ತ ಈ ಕೆಲಸಕ್ಕೆ ಕರೆಯುತ್ತಿದ್ದುದು ನನ್ನ ಅಪ್ಪನನ್ನು.

ಆ ಕಾಯಿ ಹೇಗೆ ಏಳುತ್ತದೆ ಎಂಬ ಕುತೂಹಲ ನನಗೆ ಚಿಕ್ಕಂದಿನಿಂದ. ಅಪ್ಪ ಕಳ್ಳತನದಿಂದ ಮಣಿಕಟ್ಟು ತಿರುಗಿಸುತ್ತಾನೇನೋ ಎಂದು ನೆಲಕ್ಕೆ ಕೂತು ಕೆಳಗಿನಿಂದ ಇಣುಕಿದ್ದೇನೆ. ಕೇಳಿದರೆ ಅವನದು ಒಂದೇ ಉತ್ತರ. "ಏಳೋದು ಕಾಯಿ ಕೆಲಸ. ನಾನು ಕೈ ಕೊಡ್ತೀನಿ ಅಷ್ಟೆ."

ಹೋದ ವರ್ಷ ಕಾಯಿಯೇ ಅವನಿಗೆ ಕೈ ಕೊಟ್ಟಿತು. ಅವನು ತೋರಿಸಿದ ಕಡೆ ಕೊರೆದರೆ ಬರೀ ಕಲ್ಲುಪುಡಿ ಎದ್ದಿತು. ಬೆನ್ನಿಗೇ ಇನ್ನೊಂದು ಹೊಲದಲ್ಲೂ ಅದೇ ಕತೆ. ಯಾರೂ ಬೈಯಲಿಲ್ಲ, ಆದರೆ ಅಪ್ಪ ಕಾಯಿ ಹಿಡಿಯುವುದನ್ನು ಬಿಟ್ಟುಬಿಟ್ಟ. "ಕೈ ಸತ್ತೋಗಿದೆ ಕಣೆ" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಅತ್ತ ರಾಜಘಟ್ಟದಲ್ಲಿ ನನ್ನ ಸೋದರಮಾವ ಬೋರ್ ಹಾಕಿಸಲು ಕಾದು ಕೂತಿದ್ದ. "ಭಾವ ಬಂದು ನೋಡ್ದೆ ನಾನು ಬೋರ್ ಗಾಡಿ ಕರ್ಸಲ್ಲ" ಎಂದು ಅವನ ಹಟ. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ನಾನು ದೇವನಹಳ್ಳಿಯ ಕಣ್ಣಾಸ್ಪತ್ರೆಯೊಂದರ ಕೌಂಟರಿನಲ್ಲಿ ಕೂರುವವಳು. ನಮ್ಮ ಮನೆಯ ಹೆಂಚು ನಡುಗಿಸಿಕೊಂಡು ಹೋಗುವ ವಿಮಾನದಲ್ಲಿ ಒಮ್ಮೆಯಾದರೂ ಕೂರಬೇಕೆಂಬ ಆಸೆ ಶಾಲೆಯ ದಿನಗಳಿಂದ ಇತ್ತು. ಬೆನ್ನಿಗೊಂದು ಬ್ಯಾಗು, ಮಲಗಲು ಹಾಸ್ಟೆಲಿನ ಅಗ್ಗದ ಮಂಚ, ಸಿಕ್ಕಲ್ಲಿ ಊಟ, ಹೀಗೆ ಅಂಡಮಾನಿನ ಒಂದು ಪುಟ್ಟ ದ್ವೀಪಕ್ಕೆ ಹೋಗುವುದೆಂದು ನಾನೂ ಗೆಳತಿಯೂ ಮಾತಾಡಿಕೊಂಡಿದ್ದೆವು. ಅವಳಿಗೆ ಗಂಡು ಗೊತ್ತಾಯಿತು, ದ್ವೀಪ ಮರೆತುಹೋಯಿತು. ಒಬ್ಬಳನ್ನೇ ಕಳಿಸಲು ಅಮ್ಮ ಒಪ್ಪಲಿಲ್ಲ. ಅವಳನ್ನೇ ಕರೆದರೆ "ಹಸು ಹಾಲು ನಿಮ್ಮಜ್ಜಿ ಬಂದ್ ಕರೀತಾಳಾ?" ಎಂದಳು. ಕೊನೆಗೆ ಜಗುಲಿ ಮೇಲೆ ಸುಮ್ಮನೆ ಕೂತಿದ್ದ ಅಪ್ಪನನ್ನು ಕೇಳಿದೆ.

"ಅಪ್ಪಾ, ಸಮುದ್ರ ನೋಡೋಕೆ ಬರ್ತೀಯಾ?"

ಅಪ್ಪ ಸಮುದ್ರ ಕಂಡವನಲ್ಲ. ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡಿಕೊಂಡ. "ಅಲ್ಲಿ ನೀರಿರೋದು ಗ್ಯಾರಂಟಿ ತಾನೆ?" ಎಂದ. ಅದೇನು ಪ್ರಶ್ನೆ ಎಂದು ನಾನು ನಕ್ಕೆ.

ಹೊರಡುವ ದಿನ ಬಸ್‌ಸ್ಟಾಪಿನಲ್ಲಿ ಯಾರೋ ಎಲ್ಲಿಗೆಂದು ಕೇಳಿದರು. "ಅಂಡಮಾನ್‌ಗೆ, ನೀರು ನೋಡ್ಕೊಂಡ್ ಬರ್ತೀವಿ" ಎಂದ ಅಪ್ಪ. ಅಷ್ಟು ಸಾಕಾಯಿತು. ಬಸ್ಸು ಬರುವಷ್ಟರಲ್ಲಿ ಅಂಡಮಾನಿನವರು ಬೋರ್‌ಗೆ ಪಾಯಿಂಟ್ ಮಾಡಿಸಲು ಅಪ್ಪನನ್ನು ವಿಮಾನದಲ್ಲಿ ಕರೆಸಿಕೊಳ್ಳುತ್ತಿದ್ದಾರೆಂಬ ಸುದ್ದಿ ಟೀ ಅಂಗಡಿ ದಾಟಿತ್ತು. "ಹಿತ್ತಲ ಗಿಡ ಮದ್ದಲ್ಲ ಅಂತ ನಾವೇ ಸುಮ್ನಿದ್ವಿ, ನೋಡಪ್ಪಾ" ಎಂದು ಅಂಗಡಿಯವನು ನಿಟ್ಟುಸಿರು ಬಿಟ್ಟ. ನಾನು ಬಾಯಿ ತೆರೆದೆ, ಅಪ್ಪ ನನ್ನ ಕೈ ಅದುಮಿದ. ಬಹಳ ದಿನಗಳ ಮೇಲೆ ಜನ ಅವನನ್ನು ಹಾಗೆ ನೋಡುತ್ತಿದ್ದರು.

ಏರ್‌ಪೋರ್ಟಿನ ಚೆಕಿಂಗಿನಲ್ಲಿ ಅಪ್ಪನ ಬ್ಯಾಗಿನಿಂದ ಜುಟ್ಟಿನ ತೆಂಗಿನಕಾಯಿಯೊಂದು ಹೊರಬಂತು. ಒಯ್ಯುವ ಹಾಗಿಲ್ಲವೆಂದು ತೆಗೆದಿಟ್ಟರು. ನನಗೆ ರೇಗಿಹೋಯಿತು. "ತೆಂಗಿನ ದ್ವೀಪಕ್ಕೆ ತೆಂಗಿನಕಾಯಿ ಹೊತ್ಕೊಂಡು ಹೋಗ್ತಾರಾ ಯಾರಾದ್ರೂ?"

"ಅಲ್ಲಿನ ಕಾಯಿ ಹೆಂಗೋ ಏನೋ ಕಣಮ್ಮಾ. ಇದಾದ್ರೆ ನನ್ ಕೈ ಕಂಡಿರೋದು."

ಆಗ ನನಗೆ ಅರ್ಥವಾಯಿತು. ಅಪ್ಪ ಸಮುದ್ರ ನೋಡಲು ಹೊರಟಿರಲಿಲ್ಲ. ನೀರು ಇದ್ದೇ ಇರುವ ಜಾಗದಲ್ಲಿ ತನ್ನ ಕೈ ಬದುಕಿದೆಯೋ ಸತ್ತಿದೆಯೋ ಎಂದು ತಿಳಿಯಲು ಹೊರಟಿದ್ದ. ರಾಜಘಟ್ಟಕ್ಕೆ ಕೊಡಬೇಕಾದ ಉತ್ತರ ಅವನಿಗೆ ಅಲ್ಲಿ ಸಿಗಬೇಕಿತ್ತು. ವಿಮಾನ ಏರುವ ಸಂಭ್ರಮದ ನಡುವೆಯೂ ನನಗೆ ಭಯ ಶುರುವಾಯಿತು.

ದ್ವೀಪದ ಹಾಸ್ಟೆಲ್ ಎಂದರೆ ತಗಡಿನ ಸೂರು, ಒಂದರ ಮೇಲೊಂದು ಮಂಚ, ಅರ್ಧ ಚಡ್ಡಿಯ ಹುಡುಗ ಹುಡುಗಿಯರು, ಅವರ ನಡುವೆ ಪಂಚೆ ಉಟ್ಟ ನನ್ನ ಅಪ್ಪ. ನಡೆಸುತ್ತಿದ್ದವರು ಬಂಗಾಳಿ ಹೆಂಗಸೊಬ್ಬರು. ಅವರ ಜೊತೆ ಹಿಂದಿಯಲ್ಲಿ ಮಾತಾಡಲು ನಾನು ತಡವರಿಸುತ್ತಿದ್ದರೆ ಅಪ್ಪ ಸಲೀಸಾಗಿ ಶುರುಮಾಡಿದ. ದೇವನಹಳ್ಳಿಯ ಬೋರ್ ಲಾರಿಯ ಸಾಬರ ಜೊತೆ ತಿರುಗಿ ಕಲಿತ ದಖ್ನಿ ಅದು. "ಚಾಯ್ ನಕ್ಕೋ ಅಮ್ಮಾ. ಹಮನಾ ಏಕ್ ನಾರಿಯಲ್ ಹೋನಾ. ಬಾಲಾಂ ರಹ್ನಾ." ಚಹಾ ಬೇಡ, ಕೂದಲಿರುವ ತೆಂಗಿನಕಾಯಿ ಬೇಕು! ಆಕೆ ಸೆರಗು ಬಾಯಿಗಿಟ್ಟು ನಕ್ಕರು. ಆದರೂ ಹಿತ್ತಲಿನ ರಾಶಿಯಿಂದ ಒಂದು ಆರಿಸಿ, ಅಪ್ಪ ಹೇಳಿದಂತೆ ಜುಟ್ಟು ಉಳಿಸಿ ಸುಲಿದು ಕೊಟ್ಟರು.

ಬೆಳಗ್ಗೆ ಎದ್ದು ದಡಕ್ಕೆ ಹೋದರೆ ಸಮುದ್ರವೇ ಇರಲಿಲ್ಲ. ಹಿಂದಿನ ಸಂಜೆ ನಮ್ಮ ಕಾಲು ತೋಯಿಸಿದ್ದ ನೀರು ಎಲ್ಲೋ ದೂರಕ್ಕೆ ಸರಿದು, ಹವಳದ ಕಲ್ಲುಗಳೆಲ್ಲ ಬಯಲಾಗಿದ್ದವು. ಅಪ್ಪ ಗಾಬರಿಯಾಗಿ ನಿಂತ.

"ಯಾರ್ ತೂಬು ಎತ್ತಿದ್ದು?"

ಕೆರೆಯ ನೀರು ಕಂಡವನ ಪ್ರಶ್ನೆ. ತೂಬು ಎತ್ತದೆ ಕೆರೆ ಬತ್ತುವುದೆಂತು? ಸಮುದ್ರದ ಉಬ್ಬರವಿಳಿತದ ಬಗ್ಗೆ ಪುಸ್ತಕದಲ್ಲಿ ಓದಿದ್ದನ್ನು ಹೇಳಿದೆ. ಚಂದ್ರ ಎಳೆಯುತ್ತಾನೆ ಎಂದೆ. ಅವನು ಆಕಾಶ ನೋಡಿದ, ನನ್ನನ್ನು ನೋಡಿದ. "ಕಾಯಿ ಏಳತ್ತೆ ಅಂದ್ರೆ ನಂಬಲ್ಲ, ಇದನ್ನ ನಂಬ್ತೀಯಾ" ಎಂದ.

ಆಮೇಲೆ ಅಪ್ಪ ಚಪ್ಪಲಿ ಬಿಟ್ಟ. ಪೂರ್ವಕ್ಕೆ ಕೈ ಮುಗಿದು, ಕಾಯಿಯನ್ನು ಅಂಗೈ ಮೇಲೆ ಮಲಗಿಸಿ ಹೊರಟ. ಒಣ ಮರಳು ದಾಟಿದ, ಹಸಿ ಮರಳು ದಾಟಿದ. ಕಾಯಿ ಮಲಗಿಯೇ ಇತ್ತು. ಅವನ ಪಾದದ ಗುರುತಿನಲ್ಲಿ ನೀರು ಒಸರುತ್ತಿತ್ತು, ಕಾಯಿ ಕದಲಲಿಲ್ಲ. ಕೊನೆಗೆ ನೀರಿಗೇ ಇಳಿದ. ಮೊಣಕಾಲವರೆಗೆ ಸಮುದ್ರ, ಪಂಚೆ ಒದ್ದೆ, ಅಂಗೈ ಮೇಲೆ ನಿದ್ದೆ ಹೋದ ಮಗುವಿನಂತೆ ಆ ಕಾಯಿ.

ಚಿಕ್ಕಂದಿನಲ್ಲಿ ಮಣಿಕಟ್ಟಿನ ಮೋಸ ಹಿಡಿಯಲು ಕೂತವಳು ನಾನು. ಆ ಹೊತ್ತು, ಒಂದು ಚೂರು ತಿರುಗಿಸಬಾರದಾ ಅಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ತಿರುಗಿಸಲಿಲ್ಲ. ಎಂದೂ ತಿರುಗಿಸಿರಲಿಲ್ಲ ಎಂದು ನನಗೆ ಖಾತ್ರಿಯಾದದ್ದು ಅಲ್ಲಿಯೇ. ಅಳು ಬಂತು.

ಅಪ್ಪ ನನ್ನ ಕಡೆ ತಿರುಗಿದ.

"ಅಲ್ಲಿ ಕಾಯಿ ಎದ್ದಿತ್ತು, ನೀರಿರ್ಲಿಲ್ಲ. ಇಲ್ಲಿ ನೀರೈತೆ, ಕಾಯಿ ಏಳ್ಲಿಲ್ಲ."

"ಉಪ್ಪುನೀರಲ್ವಾ ಅಪ್ಪಾ, ಅದಕ್ಕೇ ಇರಬೇಕು."

"ಇರ್ಬೋದು. ಇಲ್ದೇನೂ ಇರ್ಬೋದು. ಏಳ್ದಿದ್ರೇನು, ನೀರಂತೂ ಐತಲ್ಲ." ಬಗ್ಗಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದ. "ಅಯ್ಯಯ್ಯೋ, ಇಷ್ಟೊಂದ್ ಉಪ್ಪಾ?"

ಎದ್ದು ನಿಲ್ಲದ ಕಾಯಿಯನ್ನು ಒಡೆಯುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಅಪ್ಪ ಅದನ್ನು ಹವಳದ ಕಲ್ಲಿಗೆ ಹೊಡೆದು ಒಂದು ಹೋಳನ್ನು ಅಲೆಗೆ ಬಿಟ್ಟ, ಇನ್ನೊಂದನ್ನು ನಾವಿಬ್ಬರೂ ಕೆರೆದು ತಿಂದೆವು. ಅಲ್ಲಿಂದಾಚೆ ಅವನು ನನ್ನ ಕೈಗೆ ಸಿಗಲಿಲ್ಲ. ಏಡಿಯ ಬಿಲ ಇಣುಕುವುದು, ನೀರು ಎಲ್ಲಿಯವರೆಗೆ ಬಂತೆಂದು ಕಡ್ಡಿ ನೆಟ್ಟು ಕಾಯುವುದು, ಹಾಸ್ಟೆಲಿನ ಅಮ್ಮನನ್ನು ಅವರ ಹಿತ್ತಲ ಸಿಹಿನೀರ ಬಾವಿ ಬಗ್ಗೆ ಪೀಡಿಸುವುದು. ಸಮುದ್ರಕ್ಕೆ ಇಷ್ಟು ಹತ್ತಿರ ಸಿಹಿನೀರು ಹೇಗೆ ನಿಂತಿತು ಎಂದು ನಮ್ಮಿಬ್ಬರಿಗೂ ಕೊನೆಯವರೆಗೂ ಬಗೆಹರಿಯಲಿಲ್ಲ.

ವಾಪಸು ಬಂದು ಬಸ್ಸಿಳಿದಾಗ ಟೀ ಅಂಗಡಿಯ ಮುಂದೆ ಜನ ಸೇರಿದರು. "ನೀರು ಸಿಕ್ತಾ?" ಎಂದು ಅಂಗಡಿಯವನು ಕೇಳಿದ.

"ಸಿಕ್ಕಾಪಟ್ಟೆ," ಎಂದ ಅಪ್ಪ.

"ಕಾಯಿ ಹೆಂಗೆದ್ತು?"

"ಏಳ್ಲೇ ಇಲ್ಲ" ಎಂದು ಹೇಳಿ ಅಪ್ಪ ಎರಡು ಟೀ ಹೇಳಿದ. ಟೀ ಕುಡಿಯುತ್ತಿರುವಾಗಲೇ ನನ್ನ ಕೈಲಿ ರಾಜಘಟ್ಟದ ಮಾವನಿಗೆ ಫೋನ್ ಮಾಡಿಸಿದ.

"ಮಿಷಿನ್ ಇಟ್ಟು ನೋಡ್ತಾರಲ್ಲ, ಅವರ್ನೇ ಕರ್ಸಪ್ಪಾ. ನಾನೂ ಬರ್ತೀನಿ."

ಮಾವನ ಸದ್ದು ನನಗೂ ಕೇಳಿಸಿತು. "ನೀರು ನೋಡೋಕಾ ಭಾವ?"

"ಹೂಂ," ಎಂದ ಅಪ್ಪ. "ನೀರು ಬಂದ್ರೆ, ಕಣ್ತುಂಬ ನೋಡೋಕೆ."