ಕಾಕಾ ಹಾಕುತ್ತಿದ್ದ ಜಾರುಗಂಟು

ಡೇರೆ ಕಾಕಾ ಅವರ ಬಲಗೈ ತೋರುಬೆರಳಿನಲ್ಲಿ ಒಂದು ಗೀರಿತ್ತು. ಡೇರೆ ಹೊಲಿಯುತ್ತ ಮೇಣದ ದಾರವನ್ನು ವರ್ಷಗಟ್ಟಲೆ ಎಳೆದೆಳೆದು ಬಿದ್ದದ್ದು. ಉಣ್ಣುವಾಗ ಅದರಲ್ಲಿ ಸಾರು ನಿಂತರೆ, "ಇದಕ್ಕೂ ಒಂದ್ ತ್ಯಾಪಿ ಹಾಕಬೇಕ್ ನೋಡ್ರಿ" ಎಂದು ನಗುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಪುಣೆಯ ನಮ್ಮ ಕಾರ್ಖಾನೆಯಲ್ಲಿ ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಮನೆಗಾಡಿಗಳನ್ನು ಮಾಡುತ್ತಿದ್ದೆವು. ಊರೂರು ತಿರುಗುವ ಸಾಹೇಬರು ಅದರಲ್ಲೇ ಮಲಗುತ್ತಿದ್ದರು. ಗಾಡಿಯ ಮಗ್ಗುಲಿಗೆ ಕ್ಯಾನ್ವಾಸಿನ ಚಪ್ಪರ ಕಟ್ಟುವುದು ಬಿಜಾಪುರದ ಕಡೆಯಿಂದ ಬಂದ ಕಾಕಾ ಅವರ ಕೆಲಸ. ಎಲ್ಲವೂ ಸರಿಯಿದೆಯೇ ಎಂದು ನೋಡುವುದು ಕಾರಕೂನನಾದ ನನ್ನ ಕೆಲಸ. ಒಮ್ಮೆ ನೋಡಿದರೆ ಸಾಕಿತ್ತು. ನಾನು ನಾಲ್ಕು ಸಲ ನೋಡುತ್ತಿದ್ದೆ. ಬೀಗ ಬಿದ್ದಿದೆಯೋ ಇಲ್ಲವೋ ಎಂದು ಜಗ್ಗಿ ಜಗ್ಗಿ ಮನೆಯ ಚಿಲಕವನ್ನೇ ಕಿತ್ತವನು ನಾನು.

ಬೇರೆಯವರು ಚಪ್ಪರವನ್ನು ಗಾಡಿಯ ಸೂರಿಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಮೊಳೆಯ ತೂತಿನಿಂದ ಮಳೆನೀರು ನೇರ ಸಾಹೇಬರ ಹಾಸಿಗೆಗೆ ಇಳಿಯುತ್ತಿತ್ತು. ಕಾಕಾ ಸೂರಿನ ಕೊಕ್ಕೆಗಳಿಗೆ ಹಗ್ಗದಿಂದ ಕಟ್ಟುತ್ತಿದ್ದರು, ಅದೂ ಜಾರುಗಂಟು. ಗಾಳಿ ಮಿತಿಮೀರಿ ಎಳೆದರೆ ಗಂಟು ತಾನೇ ಬಿಚ್ಚಿಕೊಂಡು ಚಪ್ಪರ ಬೀಳಬೇಕು, ಗಾಡಿ ಉಳಿಯಬೇಕು.

"ಬಿಚ್ಚಿ ಬಿದ್ರ ಹೆಂಗ್ರಿ ಕಾಕಾ?" ಎಂದು ನಾನು ದಿನಾ ಕೇಳುತ್ತಿದ್ದೆ.

"ಬೀಳಲಿ ಅಂತನ ಕಟ್ಟೇನ್ರಿ ಕಾರಕೂನ್ರ. ಗಾಳಿ ಕೂಡ ಜಿದ್ದಿಗೆ ಬಿದ್ದಂವ ಮನಿ ಕಳಕೋತಾನ. ಹೆಂಡ್ತಿ ಮುಂದ ಸೋಲ್ತೀರಿಲ್ಲೋ? ಹಂಗ ಸೋಲೂದು."

ಒಂದು ಬೇಸಿಗೆಯ ಕೊನೆಗೆ ಡಾಕ್ಟರ್ ಸಾಹೇಬರೊಬ್ಬರ ಗಾಡಿಯನ್ನು ಕಾತ್ರಜ ಘಾಟಿನ ಮೇಲೆ ನಿಲ್ಲಿಸಲು ನಾವಿಬ್ಬರೂ ಹೋದೆವು. ಕಾಕಾ ಚಪ್ಪರ ಕಟ್ಟಿ ಚಹಾ ಕುಡಿಯಲು ಹೋದರು. ನಾನು ಗಂಟುಗಳನ್ನು ನೋಡಿದೆ. ಮತ್ತೆ ನೋಡಿದೆ. ಮೂರನೆಯ ಸಲಕ್ಕೆ ಕೈ ತಡೆಯಲಿಲ್ಲ. ಒಂದೊಂದನ್ನೂ ಬಿಚ್ಚಿ ಕಗ್ಗಂಟು ಹಾಕಿದೆ. ಅಂದು ನನಗೆ ಅಪರೂಪದ ನಿದ್ದೆ ಬಂತು.

ಮರುದಿನ ಮಧ್ಯಾಹ್ನ ಮಳೆಗೆ ಮುಂಚಿನ ಗಾಳಿ ಎದ್ದಿತು. ಗಂಟು ಬಿಚ್ಚಲಿಲ್ಲ. ಚಪ್ಪರ ಹಾಯಿಯಂತೆ ಉಬ್ಬಿ ಸೂರನ್ನು ಕಿತ್ತು, ಗಾಡಿಯನ್ನು ಮಗ್ಗುಲಿಗೆ ಕೆಡವಿತು. ಡಾಕ್ಟರರ ಅಡಿಗೆಯವನ ತೋಳು ಮುರಿಯಿತು.

ಮುರುಕು ಗಾಡಿ ಕಾರ್ಖಾನೆಗೆ ಬಂದಾಗ ಮಾಲೀಕರಾದ ಶೇಠರು ಹಗ್ಗದ ತುಂಡು ಎತ್ತಿ ಹಿಡಿದರು. "ಹೀ ಗಾಠ ಕುಣಾಚೀ?" ಈ ಗಂಟು ಯಾರದು?

ಕಾಕಾ ಅದನ್ನು ತಿರುವಿ ನೋಡಿದರು. ಗೀರುಬಿದ್ದ ಬೆರಳನ್ನು ಅದರ ಮೇಲೆ ಆಡಿಸಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ, ಕೆಮ್ಮು ಬಂತು.

"ಮಾಝೀಚ, ಶೇಠ," ಎಂದರು ಕಾಕಾ. ನನ್ನದೇ.

ಅಂದೇ ಅವರ ಕೆಲಸ ಹೋಯಿತು. ಗೇಟಿನವರೆಗೆ ಹಿಂದೆ ಹೋಗಿ, "ಯಾಕ್ರಿ ಕಾಕಾ?" ಎಂದೆ.

"ನನ್ನ ಕೈಯಾಗ ಸೂಜಿ ಅದ, ಎಲ್ಲಿ ಕೂತ್ರೂ ಹೊಲೀತೇನಿ. ನಿಮಗ ಮೊದಲ ನಿದ್ದಿ ಬರೂದಿಲ್ಲ. ಇನ್ನ ಇದೂ ಒಂದ್ ಯಾಕ?"

ಗಾಡಿ ಕೆಡವಿದವನೆಂಬ ಹೆಸರು ಅಂಟಿತು. ಮತ್ತೆ ಯಾರೂ ಅವರಿಗೆ ಕ್ಯಾನ್ವಾಸು ಮುಟ್ಟಿಸಲಿಲ್ಲ. ಭವಾನಿ ಪೇಠೆಯಲ್ಲಿ ಗೋಣಿಚೀಲಗಳಿಗೆ ತೇಪೆ ಹಾಕುತ್ತ ಕೂತರು. ನಿಜ ಹೇಳಿಬಿಡುವೆನೆಂದು ಶೇಠರ ಬಾಗಿಲಿಗೆ ಎಷ್ಟೋ ಸಲ ಹೋಗಿ, ಚಪ್ಪಲಿ ಕಳಚಿ, ಮತ್ತೆ ಮೆಟ್ಟಿಕೊಂಡು ಬಂದಿದ್ದೇನೆ. ಬರುವಾಗ ಕಾಕಾ ಅವರಿಗೆ ಬಾಳೆಹಣ್ಣು ಒಯ್ಯುತ್ತಿದ್ದೆ. ತಪ್ಪೊಪ್ಪಿಗೆಯ ಬದಲು ಬಾಳೆಹಣ್ಣು! ಅವರು ಸುಲಿದು ಅರ್ಧ ನನಗೇ ಕೊಡುತ್ತಿದ್ದರು.

ಹೋದ ವರ್ಷ ಕಾಕಾ ತೀರಿಕೊಂಡರು. ಚಟ್ಟ ಕಟ್ಟುವಾಗ ಅವರ ಅಳಿಯ, "ನೀವು ಮಾವನ ಜೋಡಿ ಕೆಲಸ ಮಾಡಿದವರು, ನೀವ ಕಟ್ರಿ" ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟ. ನಾನು ಜಾರುಗಂಟು ಹಾಕಿದೆ.

"ಯಾರದ್ರೀ ಈ ಗಂಟು? ದಾರ್ಯಾಗ ಬಿಚ್ಚಿದ್ರ?" ಎಂದು ಒಬ್ಬ ಹಿರಿಯರು ಗದರಿದರು.

"ನಂದ್ರೀ," ಎಂದೆ. ಇಷ್ಟು ಸಣ್ಣ ಮಾತು ನನ್ನ ಬಾಯಿಗೆ ಬರಲು ಇಷ್ಟು ವರ್ಷ ಹಿಡಿಯಿತು.

ಹೊಳೆದಂಡೆ ಮುಟ್ಟುವವರೆಗೆ ಎರಡು ಸಲ ಆ ಗಂಟನ್ನು ಮುಟ್ಟಿ ನೋಡಿದೆ, ಸುಳ್ಳೇಕೆ ಹೇಳಲಿ. ಆದರೆ ಬಿಗಿ ಮಾಡಲಿಲ್ಲ.