ಗುಡುಗಿದರೆ ಪ್ಲಗ್ ಕೀಳಬೇಕು

ಅಮ್ಮನನ್ನು ಮಣ್ಣು ಮಾಡಿ ಬಂದ ದಿನ ನನಗೆ ಅಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಬಂದ ನೆಂಟರ ಹೆಂಗಸರು ಎಲೆಯ ಮುಂದೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬರಂತೂ ಕೈ ತೊಳೆಯುವ ಜಾಗದಲ್ಲಿ ನನಗೆ ಕೇಳಲಿ ಅಂತಲೇ, "ಗಟ್ಟಿಗಿತ್ತಿ ಕಣವ್ವ, ಕಣ್ಣಲ್ಲಿ ಒಂದ್ ಹನಿ ಇಲ್ಲ" ಅಂದರು. ಅದು ಹೊಗಳಿಕೆಯಲ್ಲ ಅನ್ನುವುದು ಗೊತ್ತಾಯಿತು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಊರಿಗೆಲ್ಲ ಗೊತ್ತಿರುವ ವಿಷಯ. ಅವತ್ತು ಅದೂ ಬರಲಿಲ್ಲ. ಅವರ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ.

ಹಲ್ಲು ಕೀಳಿಸಿಕೊಂಡು ಬಂದಾಗ ತುಟಿ ಇರುತ್ತದೆ, ಆದರೆ ನಮ್ಮದಾಗಿರುವುದಿಲ್ಲವಲ್ಲ, ಮೈಯೆಲ್ಲ ಹಾಗಿತ್ತು. ಹಾಗೇ ಇದ್ದುಬಿಡುತ್ತೇನೇನೋ ಎಂದು ಹೆದರಿಕೆಯಾಗಬೇಕಿತ್ತು. ಹೆದರಿಕೆಯೂ ಆಗಲಿಲ್ಲ.

ನನಗೆ ನಲವತ್ತೊಂದು ವರ್ಷ. ಕೊಡ್ಲಿಪೇಟೆಯ ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ನಮ್ಮ ಮನೆ ಇರುವುದು ಹಿಟ್ಟಿನ ಗಿರಣಿಯ ಹಿಂದೆ. ಗಿರಣಿ ಅಮ್ಮನದು. ಅಪ್ಪ ಹೋದ ಮೇಲೆ ಒಬ್ಬಳೇ ನಡೆಸಿ ನನ್ನನ್ನೂ ತಮ್ಮನನ್ನೂ ಸಾಕಿದಳು. ವಿಡಿಯೋ ಗೇಮ್ ನನ್ನ ಚಟ. ಈ ವಯಸ್ಸಿನ ಹೆಂಗಸು ಗೇಮ್ ಆಡುತ್ತಾಳೆಂದರೆ ಊರಲ್ಲಿ ನಗುತ್ತಾರೆ. ನಗಲಿ. ಅವರು ದಿನಾ ಸಂಜೆ ಧಾರಾವಾಹಿ ನೋಡಿ ಅಳುವುದಕ್ಕೆ ನಾನೇನಾದರೂ ಅಂದಿದ್ದೇನಾ?

ಅಮ್ಮ ಹೋದ ಮೇಲೆ ಅಂಗಡಿಯಿಂದ ಬಂದವಳೇ ಹೊಸ ಗೇಮ್ ಹಾಕಿಕೊಂಡು ಕೂರುತ್ತಿದ್ದೆ. ಅದರಲ್ಲಿ ಹಿಮದ ಬೆಟ್ಟ, ಕುದುರೆ, ನಾಲ್ಕು ಊರು, ಕೊಲ್ಲುವುದಕ್ಕೆ ಬೇಕಾದಷ್ಟು ಜನ. ಎಲ್ಲವೂ ತಾನಾಗಿಯೇ ಸೇವ್ ಆಗುತ್ತದೆ. ಒಂದು ಸಂಜೆ ಬೇಜಾರಾಗಿ ಕುದುರೆಯನ್ನು ಬೆಟ್ಟದ ತುದಿಯಿಂದ ಕೆಳಗೆ ಹಾರಿಸಿದೆ. ಸತ್ತೆ. ಎರಡು ಕ್ಷಣದಲ್ಲಿ ನಾನೂ ಕುದುರೆಯೂ ಅದೇ ತುದಿಯಲ್ಲಿ, ಅದೇ ಟೋಪಿಯಲ್ಲಿ ನಿಂತಿದ್ದೆವು. ಎಂಟು ಸಲ ಹಾರಿದೆ. ಎಂಟು ಸಲವೂ ಎದ್ದು ಬಂದೆ. ಆಫ್ ಮಾಡಿ, ಅನ್ನಕ್ಕೆ ಮೊಸರು ಕಲಸಿಕೊಂಡು ತಿಂದು ಮಲಗಿದೆ. ಆಮೇಲೆ ಯಾವ ಹೊಸ ಗೇಮ್ ಹಾಕಿದರೂ ಹತ್ತು ನಿಮಿಷಕ್ಕೆ ಸಾಕು ಅನ್ನಿಸತೊಡಗಿತು.

ತಮ್ಮ ಸಿದ್ದಾಪುರದ ಕಡೆ ಎಸ್ಟೇಟಿನಲ್ಲಿ ರೈಟರು. ಲೈನ್ ಮನೆಗಳಲ್ಲಿರುವ ಕಾಫಿ ತೋಟದ ಆಳುಗಳ ಹಾಜರಿ ಹಾಕುವ ಕೆಲಸ. ಅವನು ಭಾನುವಾರಗಳಲ್ಲಿ ಬಂದು ಗಿರಣಿಯ ಸಾಮಾನು ತೆಗೆದು ಜೋಡಿಸುತ್ತಿದ್ದ. ಮಾರ್ಚ್ ತಿಂಗಳ ಒಂದು ಭಾನುವಾರ ಅಟ್ಟದಿಂದ ಒಂದು ರಾಗಿ ಡಬ್ಬ ಇಳಿಸಿದ. ಒಳಗೆ ಹಳೆ ಸೀರೆ ಸುತ್ತಿಟ್ಟ ನಮ್ಮ ಟಿವಿ ಗೇಮ್ ಇತ್ತು. ನಾವು ಶಾಲೆಗೆ ಹೋಗುತ್ತಿದ್ದಾಗ ಅಮ್ಮ ಕುಶಾಲನಗರದಿಂದ ತಂದುಕೊಟ್ಟದ್ದು. ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಪ್ಲಗ್ಗಿನ ಸಂದಿಯಲ್ಲಿ ಹಿಟ್ಟು ಕೂತು ಗಟ್ಟಿಯಾಗಿತ್ತು.

ಆ ಹಿಟ್ಟಿನ ಕತೆ ಹೇಳಬೇಕು. ನಮಗೆ ಬೇಸಿಗೆ ರಜೆ ಸಿಗುತ್ತಿದ್ದದ್ದು ಏಪ್ರಿಲ್, ಮೇ ತಿಂಗಳಲ್ಲಿ. ಈ ಕಡೆ ಮಧ್ಯಾಹ್ನದ ಮೇಲೆ ಗುಡುಗುವುದೂ ಅದೇ ತಿಂಗಳುಗಳಲ್ಲಿ. ನಾವು ಆಡುತ್ತಿದ್ದದ್ದು ಟ್ಯಾಂಕ್ ಆಟ. ಇಬ್ಬರೂ ಸೇರಿ ಇಟ್ಟಿಗೆ ಕೋಟೆಯೊಳಗಿನ ಹಕ್ಕಿಯನ್ನು ಕಾಯಬೇಕು. ಸೇವ್ ಗೀವ್ ಏನೂ ಇಲ್ಲ, ಆಫ್ ಆದರೆ ಮತ್ತೆ ಒಂದನೇ ಸ್ಟೇಜಿನಿಂದ. ಗಿರಣಿಗೂ ಮನೆಗೂ ನಡುವಿನ ಕೋಣೆಯಲ್ಲಿ ಟಿವಿ. ಹದಿನೇಳೋ ಹದಿನೆಂಟೋ ಸ್ಟೇಜಿಗೆ ಬಂದಿರುತ್ತಿದ್ದೆವು, ದೂರದಲ್ಲಿ ಒಂದು ಗುಡುಗು. ಅಮ್ಮ ಗಿರಣಿ ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಓಡಿ ಬಂದು, ಒಂದು ಮಾತೂ ಕೇಳದೆ ಟಿವಿಯದೂ ಗೇಮಿನದೂ ಎರಡೂ ಪ್ಲಗ್ ಕೀಳುತ್ತಿದ್ದಳು.

"ಅಮ್ಮಾ, ಒಂದೇ ಒಂದ್ ಸ್ಟೇಜು."

"ಟಿವಿ ಸುಟ್ಟೋದ್ರೆ ನಿಮ್ ತಾತ ತಂದ್ಕೊಡ್ತಾನಾ?"

ತಮ್ಮ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. ನಾನು ಅಮ್ಮನ ಜೊತೆ ಮಾತು ಬಿಡುತ್ತಿದ್ದೆ, ರಾತ್ರಿ ಊಟದವರೆಗೆ. ಸ್ವಿಚ್ ಬೋರ್ಡಿನ ಮೇಲೆ ಬಿಳಿ ಬೆರಳುಗಳ ಗುರುತು ಉಳಿಯುತ್ತಿತ್ತು. ಹದಿನೆಂಟು ದಾಟಿ ನಾವು ಯಾವತ್ತೂ ಹೋಗಲಿಲ್ಲ.

ಅದೇ ಕೋಣೆಯಲ್ಲಿ, ಅದೇ ಡಬ್ಬ ಟಿವಿಗೆ ತಮ್ಮ ಗೇಮ್ ಸಿಕ್ಕಿಸಿದ. ಕ್ಯಾಸೆಟ್ಟಿನ ಬಾಯಿಗೆ ಊದಿ ಹಾಕಿದ. ಮೂರನೇ ಸಲಕ್ಕೆ ಚಿತ್ರ ಬಂತು. ನಾನು ಸುಮ್ಮನೆ, ಅವನು ಬೇಜಾರು ಮಾಡಿಕೊಳ್ಳುವುದು ಬೇಡ ಅಂತ ಕೂತೆ. ನಾಲ್ಕನೇ ಸ್ಟೇಜಿನಲ್ಲಿ ನನ್ನ ಕೊನೆಯ ಟ್ಯಾಂಕೂ ಹೋಯಿತು.

"ಛೆ" ಅಂದೆ.

ತಮ್ಮ ತಿರುಗಿ ನೋಡಿದ. "ಏನಕ್ಕ ಅಂದೆ?"

"ಏನಿಲ್ಲ. ಮೊದ್ಲಿಂದ ಹಾಕು."

ಅಷ್ಟೇ. ದೊಡ್ಡದೇನೂ ಅಲ್ಲ. ಆದರೆ ಅದು ನಾನು ಎರಡು ತಿಂಗಳಲ್ಲಿ ಮನಸ್ಸಿನಿಂದ ಆಡಿದ ಮೊದಲ ಮಾತು. ಆ ಮುಂದಿನ ಭಾನುವಾರ ಅವನು ಬರುವಷ್ಟರಲ್ಲಿ ನಾನೇ ಕ್ಯಾಸೆಟ್ ಒರೆಸಿ ಇಟ್ಟಿದ್ದೆ. ಆ ಆಟದಲ್ಲಿ ಜೊತೆಗಾರನ ಗುಂಡು ತಗುಲಿದರೆ ನಮ್ಮ ಟ್ಯಾಂಕ್ ಸ್ವಲ್ಪ ಹೊತ್ತು ಅಲ್ಲಾಡದೆ ನಿಂತುಬಿಡುತ್ತದೆ. ತಮ್ಮ ಬೇಕಂತಲೇ ಹೊಡೆಯುತ್ತಿದ್ದ.

"ಕಣ್ಣು ಕಾಣಲ್ವೇನೋ ನಿಂಗೆ? ಎಸ್ಟೇಟಲ್ಲಿ ಹಾಜರಿ ಹೆಂಗ್ ಹಾಕ್ತೀಯ?"

"ಬೈಯಕ್ಕ, ಬೈಯಿ. ಒಳ್ಳೇದಾಯ್ತು" ಅಂದ.

ವಾರವಿಡೀ ಔಷಧಿ ಅಂಗಡಿಯಲ್ಲಿ ನಿಂತು ಭಾನುವಾರಕ್ಕೆ ಕಾಯುತ್ತಿದ್ದೆ. ಚಿಕ್ಕಂದಿನಲ್ಲಿ ರಜೆಗೆ ಕಾಯುತ್ತಿದ್ದ ಹಾಗೇನೂ ಅಲ್ಲ. ಆದರೂ ಕಾಯುತ್ತಿದ್ದೆ.

ಏಪ್ರಿಲ್ ನಡುವಿನ ಭಾನುವಾರ ಹದಿನೆಂಟು ದಾಟಿದೆವು. ಹತ್ತೊಂಬತ್ತನೇ ಸ್ಟೇಜಿನ ಗೋಡೆಗಳು ಹೇಗಿರುತ್ತವೆಂದು ಮೊದಲ ಸಲ ನೋಡಿದೆ. ಅದರಲ್ಲಿ ವಿಶೇಷ ಏನೂ ಇರಲಿಲ್ಲ, ಅವೇ ಇಟ್ಟಿಗೆ, ಅದೇ ನೀರು. ಎದುರಾಳಿಯ ಮೂರೇ ಟ್ಯಾಂಕ್ ಉಳಿದಿದ್ದವು. ಆಗ ಗುಡುಗಿತು.

ಇಬ್ಬರ ಕೈಗಳೂ ನಿಂತವು. ಇಬ್ಬರೂ ಒಟ್ಟಿಗೇ ಗಿರಣಿಯ ಕಡೆಯ ಬಾಗಿಲು ನೋಡಿದೆವು. ಬಾಗಿಲು ತೆರೆದೇ ಇತ್ತು. ಗಿರಣಿಯ ಕಲ್ಲಿನ ಮೇಲೆ ಗೋಣಿಚೀಲ ಹೊದಿಸಿದ್ದು ಕಾಣುತ್ತಿತ್ತು. ಟಿವಿಯೊಳಗೆ ಟ್ಯಾಂಕುಗಳು ತಮ್ಮ ಪಾಡಿಗೆ ಗುಂಡು ಹೊಡೆಯುತ್ತಿದ್ದವು. ಎರಡನೇ ಗುಡುಗು ಹತ್ತಿರದಲ್ಲೇ ಆಯಿತು. ಯಾರೂ ಬರಲಿಲ್ಲ.

"ಆಡಕ್ಕ" ಅಂದ ತಮ್ಮ, ಮೆಲ್ಲಗೆ.

ನಾನು ಎದ್ದು ಹೋಗಿ ಎರಡೂ ಪ್ಲಗ್ ಕಿತ್ತೆ. ಚಿತ್ರ ಚುಕ್ಕೆಯಾಗಿ ಹೋಯಿತು.

ಅವನು ನೆಲಕ್ಕೆ ಬಿದ್ದು ಹೊರಳಲಿಲ್ಲ. ರಿಮೋಟು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. "ಯಾಕಕ್ಕ ಕಿತ್ತೆ? ಗೆಲ್ತಿದ್ವಲ್ಲ."

"ಅವ್ಳು ಬರಲ್ವಲ್ಲೋ. ಯಾರಾದ್ರೂ ಕೀಳ್ಬೇಕಲ್ಲ" ಅಂದೆ.

ಅಷ್ಟು ಹೇಳಿದ್ದೇ, ಅಳು ಬಂತು. ಎಲ್ಲಿತ್ತೋ ಏನೋ, ನಿಲ್ಲಿಸಲು ಆಗಲಿಲ್ಲ. ಅಮ್ಮ ಬೇಕು, ಅಮ್ಮ ಬೇಕು ಎಂದು ನಲವತ್ತೊಂದು ವರ್ಷದವಳು ಬಾಯಿಬಿಟ್ಟು ಅತ್ತೆ. ತಮ್ಮ ಬಂದು ಪಕ್ಕದಲ್ಲಿ ಕೂತ. ಮಳೆ ಬಂದು ನಿಂತಿತು. ಆಮೇಲೆ ಅವನು ನನ್ನ ಕೈಯಿಂದ ಗೇಮಿನ ಪ್ಲಗ್ ಬಿಡಿಸಿಕೊಂಡು, ಸಂದಿಯ ಹಿಟ್ಟು ಒರೆಸದೆ, ಗೇಮಿನ ಜೊತೆ ಹಾಗೇ ರಾಗಿ ಡಬ್ಬದೊಳಗೆ ಇಟ್ಟ.